ಸರ್ಪಸುತ್ತು ಬಿಟ್ಟುಹೋದ ನೋವಿಗೆ ಕಣ್ಣಿಗೆ ಕಾಣದ ಬೆಳಕು: ನನ್ನ ಅನುಭವ

ಸರ್ಪಸುತ್ತಿನ ಗುಳ್ಳೆ ಒಣಗಿ ಎಷ್ಟೋ ಕಾಲವಾದರೂ ಎಡಪಕ್ಕೆಯ ಉರಿ ಹೋಗಿರಲಿಲ್ಲ. ಅಂಗಿ ತಾಗಿದರೆ ಸಾಕು, ಚುಳ್ ಅನ್ನುತ್ತಿತ್ತು. ವಿಚಿತ್ರ ಏನೆಂದರೆ, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ತಡೆದುಕೊಳ್ಳಬಹುದಿತ್ತು. ಮೆಲ್ಲಗೆ ಸವರಿದರೆ ಮಾತ್ರ ಜೀವ ಹೋದಂತಾಗುತ್ತಿತ್ತು. ಗುಳ್ಳೆ ಎದ್ದು ಮೂರು ತಿಂಗಳು ದಾಟಿದ ಮೇಲೂ ನೋವು ಉಳಿದರೆ ಡಾಕ್ಟರುಗಳು ಅದನ್ನು ಪೋಸ್ಟ್‌ಹರ್ಪೆಟಿಕ್ ನ್ಯೂರಾಲ್ಜಿಯಾ ಅನ್ನುತ್ತಾರೆ. ಪ್ರಿಗ್ಯಾಬಲಿನ್ ಮಾತ್ರೆ ಸ್ವಲ್ಪ ಮಟ್ಟಿಗೆ ತಡೆಯುತ್ತಿತ್ತು, ಆದರೆ ಹಗಲೆಲ್ಲ ತೂಕಡಿಕೆ. ಡೋಸ್ ಜಾಸ್ತಿ ಮಾಡಲು ನನಗೆ ಮನಸ್ಸಿರಲಿಲ್ಲ. ಡಾಕ್ಟರನ್ನು ಕೇಳಿಕೊಂಡೇ ನಿಯರ್ ಇನ್‌ಫ್ರಾರೆಡ್, ಅಂದರೆ ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕಿಗೆ ಕೈ ಹಾಕಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ ಅಂದರು, ಅಷ್ಟೇ.

ಇದು ಕಾವು ಕೊಡುವ ಕೆಂಪು ಬಲ್ಬಲ್ಲ. ಅದರ ಕೆಲಸ ಬಿಸಿ ಮಾಡುವುದು. ಇಲ್ಲಿ ಬಿಸಿ ಲೆಕ್ಕಕ್ಕಿಲ್ಲ. 1967ರಲ್ಲಿ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಇಲಿಗಳ ಕೂದಲು ಬೋಳಿಸಿ ಮಂದ ಲೇಸರ್ ಬಿಟ್ಟು ನೋಡಿದರು. ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು. ಈ ವಿದ್ಯೆ ಶುರುವಾದದ್ದು ಅಲ್ಲಿಂದ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನುವ ಕಿಣ್ವ ಈ ಬೆಳಕನ್ನು ಹೀರುತ್ತದೆ, ಕೋಶಕ್ಕೆ ಶಕ್ತಿ ಸಿಗುತ್ತದೆ, ಊತ ಇಳಿಯುತ್ತದೆ ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಚರ್ಮ ದಾಟಿ ಒಳಗೆ ಹೋಗುವ ಹೊತ್ತಿಗೆ ಬೆಳಕಿನ ಹೆಚ್ಚಿನ ಪಾಲು ಕರಗಿಹೋಗಿರುತ್ತದೆ. ಹಾಗಾಗಿ ಆಳದ ನರಗಳಿಗಿಂತ ಚರ್ಮದ ಹತ್ತಿರ ಓಡುವ ನರಗಳಿಗೆ ಇದನ್ನು ಬಳಸುವುದು ಸರಿ ಅನ್ನಿಸುತ್ತದೆ. ನನಗೆ ಇನ್ನೊಂದು ಕಾರಣವೂ ಇತ್ತು: ಮುಟ್ಟದೆ ಕೊಡಬಹುದಾದ ಚಿಕಿತ್ಸೆ ಬೇಕಿತ್ತು.

ನಾನು ತೆಗೆದುಕೊಂಡದ್ದು 850 ನ್ಯಾನೋಮೀಟರ್ ತರಂಗಾಂತರದ ಬೆಳಕು ಕೊಡುವ ಸಣ್ಣ ಎಲ್‌ಇಡಿ ಪ್ಯಾನೆಲ್. ಹಚ್ಚಿದರೆ ಕಾಣುವುದು ಮಂಕು ಕೆಂಪಿನ ಒಂದು ಛಾಯೆ ಮಾತ್ರ. ಕೆಟ್ಟಿದೆಯೇನೋ ಅನ್ನಿಸುವಷ್ಟು ಮಂಕು. ಫೋನಿನ ಮುಂದಿನ ಕ್ಯಾಮೆರಾ ಹಿಡಿದಾಗ ಸಾಲುಸಾಲಾಗಿ ನೇರಳೆ ಬಣ್ಣದ ಚುಕ್ಕೆಗಳು ಝಗ್ಗನೆ ಹೊಳೆದವು. ಕಣ್ಣಿಗೆ ಅಪಾಯ ಇರುವುದೂ ಇಲ್ಲೇ. ಬೆಳಕು ಕಾಣದಿದ್ದರೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಹಾಕಿಕೊಂಡೇ ಸ್ವಿಚ್ ಮುಟ್ಟುತ್ತೇನೆ.

ಇನ್ನು ಡೋಸ್. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಬೇಕಾದದ್ದು ಚರ್ಮದ ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಶಕ್ತಿ, ಅದೂ ಎಷ್ಟು ದೂರದಲ್ಲಿ ಅನ್ನುವುದರ ಸಮೇತ. ನನ್ನ ಪ್ಯಾನೆಲ್‌ನ ಕೈಪಿಡಿಯಲ್ಲಿ ಅದು 40 ಮಿಲಿವ್ಯಾಟ್ ಎಂದಿತ್ತು. ಅದನ್ನು 100 ಸೆಕೆಂಡಿನಿಂದ ಗುಣಿಸಿದರೆ 4 ಜೂಲ್. ನಾನು ಇಟ್ಟುಕೊಂಡದ್ದು ಅಷ್ಟೇ. ಇನ್ನೊಂದು ಹತ್ತು ನಿಮಿಷ ಇರಲಿ ಬಿಡಿ ಅನ್ನುವ ಹಾಗಿಲ್ಲ. ಒಂದು ಮಿತಿ ದಾಟಿದರೆ ಈ ಬೆಳಕಿನ ಗುಣ ಕಮ್ಮಿಯಾಗುತ್ತದೆ, ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ಪ್ರಯೋಗಾಲಯಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ.

ಎಲ್ಲಿ ಬಿಡಬೇಕು? ನೋವಿದ್ದ ಕಡೆ ಮಾತ್ರ ಅಲ್ಲ. ಸರ್ಪಸುತ್ತಿನ ವೈರಸ್ ಅಡಗಿ ಕೂರುವುದು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ. ಅಲ್ಲಿಂದ ನರ ಪಕ್ಕೆಲುಬಿನ ಜೊತೆ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಮನೆಯವರ ಕೈಯಲ್ಲಿ ಪೆನ್ನು ಕೊಟ್ಟು, ಬೆನ್ನುಮೂಳೆಯ ಪಕ್ಕದಿಂದ ಎದೆಯವರೆಗೆ ಉಳಿದ ಕಲೆಗಳ ದಾರಿಯಲ್ಲೇ ಗುರುತು ಹಾಕಿಸಿಕೊಂಡೆ. ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು, ಬೆನ್ನಿನ ಕಡೆಯಿಂದ ಶುರು ಮಾಡಿ ಒಂದೊಂದೇ ಗುರುತಿಗೆ ಬೆಳಕು. ಒರಗಲು ಆಗದವರಿಗೆ ಕುರ್ಚಿಯ ಬೆನ್ನನ್ನು ಅಪ್ಪಿಕೊಂಡು ಕೂರುವುದು ದೊಡ್ಡ ಸುಖ, ಅಲ್ವಾ? ಅದಕ್ಕೂ ಮುಂಚೆ ಚರ್ಮ ಒರೆಸಿಕೊಳ್ಳಬೇಕು. ಕ್ಯಾಪ್ಸೈಸಿನ್ ಮುಲಾಮು ಹಚ್ಚಿದ ದಿನವಂತೂ ಬೆಳಕಿನ ಗೋಜಿಗೇ ಹೋಗುತ್ತಿರಲಿಲ್ಲ. ಅದು ಮೆಣಸಿನಕಾಯಿಯ ಖಾರ, ಸ್ವಲ್ಪ ಬಿಸಿ ತಗುಲಿದರೂ ಉರಿ ಕೆರಳುತ್ತದೆ.

ಈಗ ಮುಖ್ಯ ಪ್ರಶ್ನೆ: ಕಮ್ಮಿಯಾದರೆ ಅದು ಬೆಳಕಿನಿಂದಲೇ ಅಂತ ಹೇಗೆ ಗೊತ್ತು? ಈ ನೋವು ಎಷ್ಟೋ ಜನರಿಗೆ ಕಾಲ ಕಳೆದ ಹಾಗೆ ತಾನಾಗಿಯೇ ಇಳಿಯುತ್ತದೆ. ಸುಮ್ನೆ ದೀಪಕ್ಕೆ ಹೆಸರು ಬರಬಾರದು. ಅದಕ್ಕೆ ಮಾತ್ರೆ ಬದಲಿಸದೆ, ಬೆಳಿಗ್ಗೆ ಮತ್ತು ಸಂಜೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಬರೆದೆ. ಜೊತೆಗೆ ಒಂದು ಎಳೆ ಹತ್ತಿ ತೆಗೆದುಕೊಂಡು ಹೊಟ್ಟೆಯಿಂದ ಮೇಲಕ್ಕೆ ಸವರುತ್ತಾ, ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಚುಕ್ಕೆ ಇಡುವುದು. ಆಮೇಲೆ ಒಂದು ವಾರ ಬೆಳಕು, ಒಂದು ವಾರ ಪ್ಯಾನೆಲ್‌ಗೂ ಬೆನ್ನಿಗೂ ನಡುವೆ ದಪ್ಪ ರಟ್ಟು. ಯಾವ ವಾರ ಯಾವುದು ಅಂತ ಮನೆಯವರಿಗೆ ಮಾತ್ರ ಗೊತ್ತು. ದೀಪದ ಫ್ಯಾನ್ ಎರಡೂ ವಾರ ಗುಯ್ ಅನ್ನುತ್ತಿತ್ತು. ರಟ್ಟಿದ್ದಾಗ ಬೆಚ್ಚಗೆ ಅನ್ನಿಸುತ್ತಿರಲಿಲ್ಲವಾದ್ದರಿಂದ ನಾನು ಊಹಿಸಿಬಿಡುತ್ತಿದ್ದದ್ದೂ ಉಂಟು. ವಿಜ್ಞಾನಿಗಳು ಒಪ್ಪುವ ಪರೀಕ್ಷೆ ಇದಲ್ಲ ಬಿಡಿ. ಏನೂ ಮಾಡದೆ ನಂಬುವುದಕ್ಕಿಂತ ವಾಸಿ.

ಪುಸ್ತಕ ತೆರೆದಾಗ ಕಂಡದ್ದು ಇಷ್ಟು. ಬೆಳಗಿನ ಅಂಕಗಳಲ್ಲಿ ವ್ಯತ್ಯಾಸವೇ ಇಲ್ಲ. ಸಂಜೆಯ ಉರಿ ಬೆಳಕಿನ ವಾರಗಳಲ್ಲಿ ಸ್ವಲ್ಪ ಕೆಳಗಿತ್ತು, ಹತ್ತಿಗೆ ಚುರುಗುಟ್ಟುವ ಜಾಗವೂ ಕಿರಿದಾಗಿತ್ತು. ಒಳಗಿನಿಂದ ಈಟಿ ಚುಚ್ಚಿದಂತೆ ಬರುವ ನೋವು ಮಾತ್ರ ಜಗ್ಗಲಿಲ್ಲ. ಅದಕ್ಕೆ ಇವತ್ತಿಗೂ ಮಾತ್ರೆಯೇ ಗತಿ. ಆದರೂ ರಾತ್ರಿ ಅಂಗಿ ಹಾಕಿಕೊಂಡು ಮಲಗಲು ಆಗುತ್ತಿದೆ. ಅಷ್ಟಕ್ಕೇ ದೀಪವನ್ನು ಇಟ್ಟುಕೊಂಡಿದ್ದೇನೆ.

ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರು ಕೆಲವರು ಈ ಪ್ಯಾನೆಲ್ ಕೇಳುತ್ತಾರೆ. ಅವರಿಗೆ ನಾನು ಹೇಳುವುದೇ ಬೇರೆ. ಇದೇ ಜಾತಿಯ ಇನ್‌ಫ್ರಾರೆಡ್ ಸಾಧನವನ್ನು ಸಕ್ಕರೆ ಕಾಯಿಲೆಯ 69 ಜನರಿಗೆ ಮನೆಯಲ್ಲೇ 90 ದಿನ ಬಳಸಲು ಕೊಟ್ಟು ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅಸಲಿ ಸಾಧನಕ್ಕೂ, ಹೋಲಿಸಿ ನೋಡಲು ಕೆಲವರಿಗೆ ಕೊಟ್ಟ ನಕಲಿಗೂ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2006ರಲ್ಲೇ ಇಂಥ ಸಾಧನಗಳಿಗೆ ಹಣ ಕೊಡುವುದಿಲ್ಲ ಅಂದಿತ್ತು. ಮೇಲಾಗಿ, ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಕ್ಯಾನ್ಸರ್ ಇರುವ ಜಾಗದ ಮೇಲೆ, ಗರ್ಭಿಣಿಯರ ಹೊಟ್ಟೆಯ ಮೇಲೆ ಬಿಡುವುದಂತೂ ಬೇಡವೇ ಬೇಡ. ಡಾಕ್ಸಿಸೈಕ್ಲಿನ್‌ನಂತಹ, ಚರ್ಮಕ್ಕೆ ಬೆಳಕು ಆಗದಂತೆ ಮಾಡುವ ಮಾತ್ರೆ ತಿನ್ನುವವರು ಮೊದಲು ಡಾಕ್ಟರನ್ನು ಕೇಳಬೇಕು. ಇಷ್ಟೆಲ್ಲ ಹೇಳಿದ ಮೇಲೂ ಬೇಕು ಅಂದವರಿಗೆ ಪ್ಯಾನೆಲ್ ಕೊಡುವ ಮೊದಲು, ಪಾದವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಬನ್ನಿ ಅನ್ನುತ್ತೇನೆ.