ಪಾಯದ ಮಣ್ಣಿನಿಂದಲೇ ಗೋಡೆಗೆ ಇಟ್ಟಿಗೆ

ಬೆಂಗಳೂರಿನಲ್ಲಿ ಪಾಯ ತೋಡಿದ ಕೆಂಪು ಮಣ್ಣನ್ನು ದುಡ್ಡು ಕೊಟ್ಟು ಲಾರಿಯಲ್ಲಿ ಹೊರಗೆ ಸಾಗಿಸುತ್ತೇವೆ. ಮರುವಾರ ಇನ್ನೊಂದು ಲಾರಿಯಲ್ಲಿ ಇಟ್ಟಿಗೆ ಇಳಿಸುತ್ತೇವೆ. ತಮಾಷೆ ಅಲ್ವಾ? ಅದೇ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಪ್ರೆಸ್‌ನಲ್ಲಿ (ಕೈಯಿಂದ ಒತ್ತುವ ಅಚ್ಚಿನ ಯಂತ್ರ) ಒತ್ತಿದರೆ, ಸುಡುವ ಕೆಲಸವೇ ಇಲ್ಲದೆ ಇಟ್ಟಿಗೆ ಸಿಗುತ್ತದೆ. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಈ ವಿದ್ಯೆಯನ್ನು ಪಳಗಿಸಿಕೊಟ್ಟಿತು.

ಮೊದಲು ಮಣ್ಣು ನೋಡಿ. ಬೇರು, ಗೊಬ್ಬರ ಇರುವ ಮೇಲ್ಮಣ್ಣು ಗಿಡಕ್ಕಿರಲಿ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಕುಲುಕಿ ಇಡಿ. ತಳದಲ್ಲಿ ಮರಳು, ಮೇಲೆ ಹೂಳು, ಕೊನೆಗೆ ಜೇಡಿ ಕೂರುತ್ತದೆ. ನೀರು ಕುಡಿದ ಜೇಡಿ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ, ನೆನಪಿರಲಿ. ನಮಗೆ ಬೇಕಾದದ್ದು ಶೇ 65ಕ್ಕಿಂತ ಜಾಸ್ತಿ ಮರಳು, ಶೇ 10–15 ಜೇಡಿ.

ಜೇಡಿ ಹೆಚ್ಚಿದ್ದರೆ ಮೇಸ್ತ್ರಿ ಹೇಳುವುದು ಒಂದೇ ಮಾತು: ‘ಇನ್ನೊಂದು ಬಾಂಡ್ಲಿ ಸಿಮೆಂಟ್ ಹಾಕಿಬಿಡೋಣ ಸಾರ್.’ ಬೇಡ ಅನ್ನಿ. ಸಿಮೆಂಟ್ ಹಿಡಿದುಕೊಳ್ಳುವುದು ಮರಳಿನ ಕಾಳನ್ನು. ಜೇಡಿ ಆ ಕಾಳಿಗೆ ಮೆತ್ತಿಕೊಂಡು ಅಡ್ಡ ಬರುತ್ತದೆ. ಕ್ವಾರಿ ಡಸ್ಟ್, ಅಂದರೆ ಕಲ್ಲುಪುಡಿ ಸೇರಿಸಿ, ಜೇಡಿಯ ಪಾಲು ತಾನೇ ಇಳಿಯುತ್ತದೆ. ಎರೆಮಣ್ಣಾದರೆ ಕಥೆಯೇ ಬೇರೆ, ಅದಕ್ಕೆ ಸುಣ್ಣ ಒಗ್ಗುತ್ತದೆ.

ಜರಡಿ ಹಿಡಿದ 100 ಕೆ.ಜಿ. ಒಣ ಮಿಶ್ರಣಕ್ಕೆ 7 ಕೆ.ಜಿ. ಸಿಮೆಂಟ್ ಸಾಕು. ಬಣ್ಣ ಒಂದೇ ಸಮ ಆಗುವವರೆಗೆ ಒಣಗಿದ್ದಾಗಲೇ ಕಲಸಿ, ಆಮೇಲೆ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿಯಾದರೆ ಕಮ್ಮಿ.

ನೀರು ಬಿದ್ದ ಮೇಲೆ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಿ. ನಾನೊಮ್ಮೆ ಕಲಸಿಟ್ಟು ಊಟಕ್ಕೆ ಹೋಗಿ ಇಡೀ ಗುಡ್ಡೆ ಹಾಳು ಮಾಡಿದ್ದೇನೆ. ಪ್ರತಿ ಸಲವೂ ತೂಗಿಯೇ ಅಚ್ಚಿಗೆ ಹಾಕಿ, ಕಣ್ಣಳತೆ ನಂಬಬೇಡಿ. 230×190×100 ಮಿ.ಮೀ. ಇಟ್ಟಿಗೆಯಾದರೆ ಒಂದು ಮೂಟೆ ಸಿಮೆಂಟಿಗೆ ಸುಮಾರು 90 ಬರುತ್ತವೆ.

ನೆರಳಲ್ಲಿ ಪೇರಿಸಿ, ಗೋಣಿತಾಟು ಹೊದಿಸಿ, ಮರುದಿನದಿಂದ ಕನಿಷ್ಠ 21 ದಿನ ಒಣಗದಂತೆ ನೀರು ಹಾಕಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಭಾನುವಾರವೂ ಯಾರಾದರೂ ಪೈಪ್ ಹಿಡಿಯಲೇಬೇಕು.

ಕೊನೆಗೆ ಒಂದೆರಡು ಇಟ್ಟಿಗೆಯನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿ, ಬೆಳಿಗ್ಗೆ ಮೊಳೆಯಿಂದ ಗೀರಿ ನೋಡಿ. ಅಂಚು ಉದುರಿ ನೀರು ಕೆಂಪಾಗಿದ್ದರೆ ಆ ಸಲ ಒತ್ತಿದ ಇಟ್ಟಿಗೆಗಳನ್ನು ಗೋಡೆಗೆ ಏರಿಸಬೇಡಿ.