ಮೈನಸ್ 40 ಡಿಗ್ರಿ ತೋರಿಸಿದ ಎಂಜಿನ್

2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್-6 ನಿಯಮ ಬಂದ ಮೇಲೆ ಸಣ್ಣ ಗಾಡಿಗಳಲ್ಲೂ ಸೆನ್ಸರ್‌ಗಳು ಹೆಚ್ಚಾದವು. ಐಟಿಐ ಮುಗಿಸಿ ನಮ್ಮ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಬರುವ ಹುಡುಗರು ಸ್ಕ್ಯಾನರ್ ಹಚ್ಚಿ, ಗಾಡಿಯ ಕಂಪ್ಯೂಟರ್ ದಾಖಲಿಸಿದ ಫಾಲ್ಟ್ ಕೋಡ್ ಓದುವುದನ್ನು ಬೇಗ ಕಲಿಯುತ್ತಾರೆ. ಕೋಡ್‌ನಲ್ಲಿ ಯಾವ ಸೆನ್ಸರಿನ ಹೆಸರು ಬಂತೋ ಅದನ್ನೇ ಬದಲಿಸುವ ಚಾಳಿ ಬಿಡಿಸುವುದು ಕಷ್ಟ. ಗಿರಾಕಿಯ ಗಾಡಿ ಸಂಜೆಗೆ ಡೆಲಿವರಿ ಆಗಬೇಕು, ಅದರ ಮೇಲೆ ಪಾಠ ಮಾಡಲಾಗದು. ಅದಕ್ಕೇ ಕಂಪ್ಯೂಟರ್ ಸಿಮ್ಯುಲೇಟರ್ ಹಿಡಿದೆ. ಪರದೆಯಲ್ಲೇ ಗಾಡಿ, ಸ್ಕ್ಯಾನರ್, ಮಲ್ಟಿಮೀಟರ್, ವೈರಿಂಗ್ ಡಯಾಗ್ರಾಮ್. ಫಾಲ್ಟ್ ಹಾಕುವುದು ನಾನು.

ಮೊದಲು ಕೊಡುವುದು ಪಿ0118 ಎಂಬ ಕೋಡ್, ಅಂದರೆ ಎಂಜಿನ್ ತಂಪಿಡುವ ದ್ರವದ ತಾಪ ಅಳೆಯುವ ಕೂಲಂಟ್ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು. ಬಿಸಿ ಎಂಜಿನ್, ಆದರೆ ಲೈವ್ ಡೇಟಾದಲ್ಲಿ ಮೈನಸ್ 40 ಡಿಗ್ರಿ.

"ಸೆನ್ಸರ್ ಹೋಗಿದೆ ಸರ್."

"ಇರಬಹುದು. ಹೇಗೆ ಗೊತ್ತಾಯ್ತು, ತೋರಿಸಪ್ಪ."

ಎರಡು ವೈರಿನ ಈ ಸೆನ್ಸರಿನ ಕಪ್ಲರ್ (ಜೋಡಣೆಯ ಪ್ಲಗ್) ಬಿಚ್ಚಿ, ಹಾರ್ನೆಸ್ (ವೈರುಗಳ ಕಟ್ಟು) ಕಡೆಯ ಪಿನ್‌ಗಳನ್ನು ಜಂಪರ್ ವೈರಿನಿಂದ ಸೇರಿಸಬೇಕು. ತಾಪಮಾನ ಒಮ್ಮೆಲೇ ನೂರು ದಾಟಿ ಹಾರಿದರೆ ವೈರಿಂಗ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎರಡೂ ಸರಿ. ಸೆನ್ಸರನ್ನೋ ಅದರ ಪಿನ್ನನ್ನೋ ನೋಡಬೇಕು. ಮೈನಸ್ 40ರಲ್ಲೇ ನಿಂತರೆ ಮೊದಲು ಹುಡುಕಬೇಕಾದದ್ದು ತುಂಡಾದ ವೈರು. ನಾನು ಸಾಮಾನ್ಯವಾಗಿ ವೈರನ್ನೇ ತುಂಡು ಮಾಡಿಟ್ಟಿರುತ್ತೇನೆ. ಹೊಸ ಸೆನ್ಸರ್ ಹಾಕಿದವನಿಗೂ ಅದೇ ಮೈನಸ್ 40 ಕಂಡಾಗ ಅವನೇ ಡಯಾಗ್ರಾಮ್ ತೆರೆಯುತ್ತಾನೆ.

ನನ್ನದು ಒಂದೇ ಕಟ್ಟುನಿಟ್ಟು. ಮೀಟರ್ ಇಡುವ ಮೊದಲು ಎಷ್ಟು ಬರಬೇಕು, ಯಾಕೆ ಬರಬೇಕು ಎಂದು ಬರೆಯಬೇಕು. ಗಾಡಿಯ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಕ್ಯಾನ್ ಲೈನಿನ ಪಾಠಕ್ಕೆ ಇದು ಬಹಳ ಸಹಾಯ. ಬ್ಯಾಟರಿ ಟರ್ಮಿನಲ್ ತೆಗೆದು ಸ್ಕ್ಯಾನರ್ ಹಚ್ಚುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು, ಯಾಕೆಂದರೆ ಲೈನಿನ ಎರಡು ತುದಿಯ 120 ಓಮ್ ರೆಸಿಸ್ಟರ್‌ಗಳು ಪ್ಯಾರಲಲ್‌ನಲ್ಲಿವೆ. 120 ಬಂದರೆ ಒಂದು ಕಡೆ ಕಡಿದಿದೆ. (ಸಾಕೆಟ್ಟಿನ ಹಿಂದೆ ಸಂದೇಶ ದಾಟಿಸುವ ಗೇಟ್‌ವೇ ಪೆಟ್ಟಿಗೆ ಇರುವ ಗಾಡಿಯಲ್ಲಿ ಈ ಲೆಕ್ಕ ನಂಬಬಾರದು.) ನಿಜವಾದ ಗಾಡಿಯಲ್ಲಿ ಈ ಫಾಲ್ಟ್ ಹಾಕಬೇಕೆಂದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದೀತು.

ಆದರೆ ಪರದೆಯಲ್ಲಿ ಕಪ್ಲರ್ ಒಂದು ಕ್ಲಿಕ್ಕಿಗೆ ಬಿಚ್ಚಿಕೊಳ್ಳುತ್ತದೆ. ಗಾಡಿಯಲ್ಲಿ ಲಾಕ್ ಮುರಿಯುತ್ತದೆ, ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ದಪ್ಪ ಪ್ರೋಬ್ ತೂರಿಸಿದರೆ ಟರ್ಮಿನಲ್ ಅಗಲವಾಗಿ ಹೊಸ ಫಾಲ್ಟೇ ಹುಟ್ಟುತ್ತದೆ. ಇದು ಕೈಗೇ ಬರಬೇಕಾದ ವಿದ್ಯೆ. ಹಾಗಾಗಿ ಪರದೆಯಲ್ಲಿ ಹಿಡಿದ ಫಾಲ್ಟನ್ನೇ, ಹಲಗೆಗೆ ಜೋಡಿಸಿದ ಗುಜರಿ ಹಾರ್ನೆಸ್ಸಿನಲ್ಲಿ ಮತ್ತೆ ಹಿಡಿಸುತ್ತೇನೆ.

ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗೆ ಮಾತ್ರ ರಿಯಾಯಿತಿಯೇ ಇಲ್ಲ. ಬ್ಯಾಟರಿಯ ಹೈ-ವೋಲ್ಟೇಜ್ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಮ್ಯಾನ್ಯುಅಲ್ ಹೇಳಿದಷ್ಟು ಹೊತ್ತು ಕಾದು, ವೋಲ್ಟೇಜ್ ಸೊನ್ನೆ ಎಂದು ಅಳೆದು ನೋಡುವುದನ್ನು ಪರದೆಯಲ್ಲಿ ತಪ್ಪಿಲ್ಲದೆ ಮಾಡುವವರೆಗೆ ಯಾರನ್ನೂ ಹೈ-ವೋಲ್ಟೇಜ್ ಹರಿಯುವ ಆ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಬಿಡುವುದಿಲ್ಲ.