ಅಡಿಕೆ ಸುಲಿದು ಬಿಗಿದ ನಡುಬೆನ್ನಿಗೆ

ಶಿರಸಿ ಕಡೆಯ ನಮ್ಮ ಮನೆಗಳಲ್ಲಿ ಅಡಿಕೆ ಸುಲಿಯುವ ದಿನಗಳು ಆರಂಭವಾದವೆಂದರೆ, ಕತ್ತಿಯ ಮುಂದೆ ತಾಸುಗಟ್ಟಲೆ ಬಾಗಿ ಕುಳಿತವರಿಗೆ ಎರಡು ಹೆಗಲ ಮೂಳೆಗಳ ನಡುವೆ ಹಲಗೆ ಕಟ್ಟಿದಂತೆ ಬೆನ್ನು ಬಿಗಿಯುತ್ತದೆ. ಪಕ್ಕೆಲುಬುಗಳು ಕೂಡಿಕೊಳ್ಳುವ ಈ ಭಾಗದ 12 ಕಶೇರುಗಳು (ಬೆನ್ನುಮೂಳೆಯ ಮಣಿಗಳು) ಸೊಂಟದಷ್ಟು ಸಲೀಸಾಗಿ ಹಿಂದಕ್ಕೆ ಬಾಗುವುದಿಲ್ಲವಾದ್ದರಿಂದ, ಸೊಂಟವನ್ನಷ್ಟೇ ಬಗ್ಗಿಸುವ ವ್ಯಾಯಾಮ ಇಲ್ಲಿಯವರೆಗೆ ತಲುಪುವುದಿಲ್ಲ.

ಈ ಬಿಗಿತ ಸಡಿಲಿಸಲು ನನಗೆ ಹೆಚ್ಚು ಹಿಡಿಸಿದ್ದು ಪಂಚೆಯ ಸುರುಳಿ. ಹಳೆಯ ಪಂಚೆಯನ್ನು ಮುಂಗೈ ದಪ್ಪಕ್ಕೆ ಬಿಗಿಯಾಗಿ ಸುತ್ತಿ, ಚಾಪೆಯ ಮೇಲೆ ಅಡ್ಡಲಾಗಿಟ್ಟು, ಹೆಗಲ ಮೂಳೆಗಳ ಕೆಳಗಿನ ಅಂಚು ಅದರ ಮೇಲೆ ಬರುವಂತೆ ಮಂಡಿ ಮಡಚಿ ಅಂಗಾತ ಮಲಗಬೇಕು. ಕೈಗಳಿಂದ ತಲೆಗೆ ಆಧಾರ ಕೊಟ್ಟು, ಉಸಿರು ಬಿಡುತ್ತಾ ಮೈಯನ್ನು ಮೆಲ್ಲನೆ ಹಿಂದಕ್ಕೆ ಇಳಿಬಿಟ್ಟು, ನಾಲ್ಕೈದು ಉಸಿರಿನ ಬಳಿಕ ಸುರುಳಿಯನ್ನು ಎರಡು ಬೆರಳಷ್ಟು ಮೇಲಕ್ಕೆ ಸರಿಸಿಕೊಳ್ಳಬೇಕು. ಸುರುಳಿ ಸೊಂಟದ ಕೆಳಗೆ ಜಾರಿದರೆ ಪ್ರಯೋಜನವಿಲ್ಲ (ಮೊದಲ ದಿನ ನಾನು ಮಾಡಿದ್ದೂ ಇದನ್ನೇ).

ಬಳಿಕ ಮಾರ್ಜಾಲಾಸನವನ್ನು (ಅಂಗೈ, ಮಂಡಿ ಊರಿ ಬೆಕ್ಕಿನಂತೆ ಬೆನ್ನನ್ನು ಮೇಲಕ್ಕೆ ಉಬ್ಬಿಸಿ, ಕೆಳಕ್ಕೆ ತಗ್ಗಿಸುವುದು) ಎಂಟು ಹತ್ತು ಬಾರಿ ಮಾಡಿದರೆ ಸಾಕು. ಸುಲಿಯುವಾಗಲೂ ಅರ್ಧ ತಾಸಿಗೊಮ್ಮೆ ಎದ್ದು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗುವುದು ಒಳ್ಳೆಯದು. ಮೂಳೆ ಟೊಳ್ಳಾಗುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸುರುಳಿಯ ಮೇಲೆ ಮಲಗಬಾರದು. ಬೆನ್ನುನೋವಿನ ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಕಾಲುಗಳಲ್ಲಿ ಜೋಮು ಕಾಣಿಸಿದರೆ ವ್ಯಾಯಾಮವನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.